ಹಳಿ ಮತ್ತು ಟರ್ನ್‌ಔಟ್ ಕೂಡುವ ಸಂದು

ಮಾದರಿ ರೈಲಿನ ಗಾಡಿಗಳು ಹೆಚ್ಚಾಗಿ ಹಳಿ ತಪ್ಪುವುದು ಎರಡು ಹಳಿಗಳು ಕೂಡುವ ಸಂದಿನಲ್ಲಿ, ಅದರಲ್ಲೂ ಟರ್ನ್‌ಔಟಿನ, ಎಂದರೆ ಒಂದು ದಾರಿ ಎರಡಾಗಿ ಕವಲೊಡೆಯುವ ಹಳಿಯ ತುಂಡಿನ, ಆಸುಪಾಸಿನಲ್ಲಿ. ನಿಧಾನವಾಗಿ ಬರುವ ಎಂಜಿನ್ ಕರೆಂಟು ಸಿಗದೆ ನಿಂತುಬಿಡುವುದೂ ಅಲ್ಲಿಯೇ. ಆದ್ದರಿಂದ ಬೆಟ್ಟ, ಸೇತುವೆ, ನಿಲ್ದಾಣಗಳಿಗೆ ಕೈ ಹಾಕುವ ಮೊದಲು ಈ ಸಂದುಗಳಿಗೆ ಬೇಕಾದಷ್ಟು ಸಮಯ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಬಳಸುವುದು ಎಚ್‌ಒ ಅಳತೆಯ, ಎಂದರೆ 1:87 ಪ್ರಮಾಣದ, ಪೆಕೊ ಕಂಪನಿಯ ಕೋಡ್ 100 ಹಳಿ. ಇದರ ಗೇಜ್ 16.5 ಮಿ.ಮೀ., ಹಳಿಯ ಎತ್ತರ 2.54 ಮಿ.ಮೀ. ಮುಂದಿನ ಮಾತುಗಳೆಲ್ಲ ಈ ಹಳಿಯನ್ನು ಕುರಿತವು.

ನಿಜವಾದ ರೈಲ್ವೆಯಲ್ಲಿ, ಎರಡು ಹಳಿಗಳನ್ನು ಕೂಡಿಸುವ ಫಿಶ್‌ಪ್ಲೇಟನ್ನು ಹಳಿಯ ಎರಡೂ ಪಕ್ಕಕ್ಕೆ ಇಟ್ಟು ಬೋಲ್ಟ್ ಹಾಕಿ ಬಿಗಿಯುತ್ತಾರೆ. ನಮ್ಮ ಲೇಔಟಿನ ಫಿಶ್‌ಪ್ಲೇಟ್ ಹಳಿಯ ಪಾದವನ್ನು ಎರಡೂ ಅಂಚಿನಿಂದ ಹಿಡಿದುಕೊಳ್ಳುವ ತೆಳುವಾದ ಲೋಹದ ಮಡಿಕೆ. ಎರಡು ಹಳಿಗಳ ತಲೆಯನ್ನು ಒಂದೇ ಮಟ್ಟದಲ್ಲಿ, ಒಂದೇ ಸಾಲಿನಲ್ಲಿ ನಿಲ್ಲಿಸುವ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ಆದರೆ ವಿದ್ಯುತ್ತನ್ನು ದಾಟಿಸುವ ಭಾರವನ್ನೂ ಅದರ ಮೇಲೆಯೇ ಹೊರಿಸುವುದು ಸರಿಯಲ್ಲ. ಕಾಲಕ್ರಮದಲ್ಲಿ ಅದು ಸಡಿಲವಾಗುತ್ತದೆ, ಒಳಗೆ ಕಿಲುಬು ಕೂರುತ್ತದೆ, ಜಲ್ಲಿ ಅಂಟಿಸುವಾಗ ಹಾಕಿದ ಗೋಂದು ಅದರೊಳಗೆ ಇಳಿಯುತ್ತದೆ. ಹಳಿಯ ಪ್ರತಿ ತುಂಡಿಗೂ ಕೆಳಗಿನಿಂದ ಕರೆಂಟು ತರುವ ಪ್ರತ್ಯೇಕ ಫೀಡರ್ ತಂತಿಯನ್ನು ಬೆಸೆದರೆ ಫಿಶ್‌ಪ್ಲೇಟಿಗೆ ಹಳಿಗಳನ್ನು ಹಿಡಿದಿಡುವ ಕೆಲಸ ಮಾತ್ರ ಉಳಿಯುತ್ತದೆ.

ಕತ್ತರಿಸಿದ ಹಳಿಯ ತುದಿಯನ್ನು ಭೂತಗನ್ನಡಿಯಲ್ಲಿ ಒಮ್ಮೆ ನೋಡಬೇಕು. ಕಟರ್ ತಾಗಿದ ಕಡೆ ಲೋಹ ತುಸು ಹಿಸುಕಿ, ಪಾದದ ಅಂಚಿನಲ್ಲಿ ಕೂದಲೆಳೆಯಷ್ಟು ಮುಳ್ಳು ಎದ್ದಿರುತ್ತದೆ. ಅದನ್ನು ಹಾಗೆಯೇ ಬಿಟ್ಟು ಫಿಶ್‌ಪ್ಲೇಟನ್ನು ಒತ್ತಿದರೆ ಹಳಿಯ ಪಾದ ಮಡಿಕೆಯೊಳಗೆ ಸೇರದೆ ಅದರ ಮೇಲೆ ಹತ್ತಿ ಕೂರುತ್ತದೆ. ಮೇಲಿನಿಂದ ನೋಡಿದರೆ ಎಲ್ಲವೂ ಸರಿಯಾಗಿದೆ ಎನಿಸಿದರೂ ಚಕ್ರಕ್ಕೆ ಅಲ್ಲೊಂದು ಮೆಟ್ಟಿಲು ಸಿಗುತ್ತದೆ. ಆದ್ದರಿಂದ ತುದಿಯನ್ನು ಲಂಬವಾಗಿ ಅರ ಹಾಕಿ, ಪಾದದ ಕೆಳಮೈಯನ್ನೂ ಎರಡು ಅಂಚುಗಳನ್ನೂ ಸವರಿ, ತಲೆಯ ಒಳ ಅಂಚನ್ನು ಒಂದೆರಡು ಎಳೆತದಷ್ಟು ಮಾತ್ರ ಮಟ್ಟ ಮಾಡಬೇಕು. ಜೋಡಿಸಿದ ಮೇಲೆ ಹಳಿಯ ಒಳಮೈಯ ಉದ್ದಕ್ಕೂ ಉಗುರನ್ನು ಎಳೆದು ನೋಡಿ. ಉಗುರು ತಡೆದ ಕಡೆ ಚಕ್ರವೂ ತಡೆಯುತ್ತದೆ.

ಮೊದಲು ಟರ್ನ್‌ಔಟನ್ನು ಕೂರಿಸಿ, ಆಮೇಲೆ ಹಳಿಯನ್ನು ಅದರತ್ತ ತರಬೇಕೇ ಹೊರತು ಹಳಿ ಹಾಕಿ ಮುಗಿಸಿ ಉಳಿದ ಜಾಗಕ್ಕೆ ಟರ್ನ್‌ಔಟನ್ನು ತುರುಕಬಾರದು. ಬಾಗುವ ಹಳಿಯನ್ನು ಎಷ್ಟು ಬೇಕಾದರೂ ಕತ್ತರಿಸಬಹುದು, ಟರ್ನ್‌ಔಟಿನ ಉದ್ದ ಮತ್ತು ಕೋನ ಮಾತ್ರ ನಮ್ಮ ಕೈಯಲ್ಲಿಲ್ಲ. ಪೆಕೊ ಸ್ಟ್ರೀಮ್‌ಲೈನ್ ಸರಣಿಯ ಕೋಡ್ 100 ಟರ್ನ್‌ಔಟುಗಳ ಕೋನ 12 ಡಿಗ್ರಿ, ಎಂದರೆ ಸುಮಾರು 4.7ಕ್ಕೆ 1 (4.7 ಅಳತೆ ಮುಂದೆ ಹೋಗುವಷ್ಟರಲ್ಲಿ 1 ಅಳತೆ ಪಕ್ಕಕ್ಕೆ). ಭಾರತೀಯ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಕಾಣುವ 12ಕ್ಕೆ 1ರ ಟರ್ನ್‌ಔಟ್ ಸುಮಾರು 40 ಮೀಟರ್ ಉದ್ದವಿದ್ದು, ಅದನ್ನು 1:87ಕ್ಕೆ ಇಳಿಸಿದರೂ ಒಂದೂವರೆ ಅಡಿ ಬೇಕಾಗುತ್ತದೆ. ಮನೆಯ ಕೋಣೆಯಲ್ಲಿ ಅಷ್ಟು ಜಾಗ ಸಿಗುವುದು ಕಷ್ಟವಾದ್ದರಿಂದ ನಾವು ಕಡಿದಾದ ಕೋನವನ್ನು ಒಪ್ಪಿಕೊಂಡಿದ್ದೇವೆ. ಅದಕ್ಕಾಗಿಯೇ ಟರ್ನ್‌ಔಟಿನ ತುದಿಯಲ್ಲಿ ತಿರುವು ಕೂಡಲೇ ಆರಂಭವಾಗದಂತೆ ಸ್ವಲ್ಪ ನೇರ ಹಳಿಯನ್ನು ಬಿಡುವುದು ಅಗತ್ಯ.

ಎಲೆಕ್ಟ್ರೋಫ್ರಾಗ್ ಮಾದರಿಯ ಟರ್ನ್‌ಔಟಿನಲ್ಲಿ ಫ್ರಾಗ್, ಎಂದರೆ ಎರಡು ದಾರಿಗಳ ಒಳ ಹಳಿಗಳು ಕೂಡುವ V ಆಕಾರದ ಭಾಗ, ಪೂರ್ತಿ ಲೋಹದ್ದು. ದಾರಿ ಬದಲಿಸಲು ಚಲಿಸುವ ಹಳಿಯ ನಾಲಿಗೆ ಯಾವ ಬದಿಯ ಹಳಿಗೆ ತಾಗಿದೆಯೋ ಆ ಬದಿಯ ಧ್ರುವತೆಯನ್ನೇ ಫ್ರಾಗ್ ಪಡೆಯುತ್ತದೆ. ಫ್ರಾಗಿನಿಂದ ಹೊರಡುವ ಎರಡು ಒಳ ಹಳಿಗಳಿಗೆ ಲೋಹದ ಫಿಶ್‌ಪ್ಲೇಟ್ ಹಾಕಿ, ಅದರಾಚೆ ಫೀಡರ್ ಕೊಟ್ಟರೆ, ನಾಲಿಗೆಯನ್ನು ಸರಿಸಿ ದಾರಿ ಬದಲಿಸಿದ ಕ್ಷಣವೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ವ್ಯವಸ್ಥೆಯಲ್ಲಿ, ಆ ಭಾಗಕ್ಕೆ ಕರೆಂಟು ಕೊಡುವ ಬೂಸ್ಟರಿಗೆ ಸೇರಿದ ದಾರಿಯೆಲ್ಲ ಒಮ್ಮೆಗೇ ನಿಲ್ಲುತ್ತದೆ. ಆ ಎರಡು ಒಳ ಹಳಿಗಳಿಗೆ ಕರೆಂಟು ದಾಟಿಸದ ಪ್ಲಾಸ್ಟಿಕ್ ಜಾಯ್ನರ್ ಹಾಕಲೇಬೇಕು. ನಾಲಿಗೆಯ ಸ್ಪರ್ಶವನ್ನಷ್ಟೇ ನಂಬದೆ, ಅದನ್ನು ಸರಿಸುವ ಪಾಯಿಂಟ್ ಮೋಟರಿನ ಜೊತೆಗಿರುವ ಸ್ವಿಚ್ಚಿನಿಂದ ಫ್ರಾಗಿಗೆ ಬೇರೆ ತಂತಿ ಕೊಡುವುದು ಇನ್ನೂ ಒಳ್ಳೆಯದು. ಏಕೆಂದರೆ ಆ ಸ್ಪರ್ಶದ ಜಾಗದಲ್ಲಿ ಒಂದು ಧೂಳಿನ ಕಣ ಕೂತರೂ ಫ್ರಾಗ್ ಸತ್ತಂತೆಯೇ.

ಬೆಸುಗೆಯ ವಿಷಯದಲ್ಲಿ ನನ್ನ ನಿಯಮ ಸರಳ: ತಿರುವಿನ ಸಂದುಗಳಿಗೆ ಬೆಸುಗೆ ಬೇಕು, ಟರ್ನ್‌ಔಟಿನ ಸಂದುಗಳಿಗೆ ಬೇಡ. ತಿರುವಿನ ನಡುವೆ ಸಂದು ಬರುವುದಾದರೆ ಎರಡು ತುಂಡುಗಳನ್ನು ನೇರವಾಗಿಟ್ಟು ಬೆಸೆದು, ಆಮೇಲೆ ಒಟ್ಟಿಗೇ ಬಾಗಿಸಬೇಕು. ಇಲ್ಲವಾದರೆ ಆ ಜಾಗದಲ್ಲಿ ಮೂಲೆ ಮೂಡುತ್ತದೆ. ಬೆಸೆಯುವಾಗ ಎರಡೂ ಬದಿಯ ಸ್ಲೀಪರುಗಳ ಮೇಲೆ ಒದ್ದೆ ಸ್ಪಂಜಿನ ತುಂಡುಗಳನ್ನಿಟ್ಟು, ಚೆನ್ನಾಗಿ ಕಾದ ಬೆಸುಗೆ ಕಬ್ಬಿಣವನ್ನು ಹಳಿಯ ಹೊರಮೈಗೆ ಸ್ವಲ್ಪವೇ ಹೊತ್ತು ತಾಗಿಸಿದರೆ ಪ್ಲಾಸ್ಟಿಕ್ ಕರಗುವುದಿಲ್ಲ. ಟರ್ನ್‌ಔಟನ್ನು ಬೆಸೆಯದೆ ಬಿಟ್ಟರೆ ಮುಂದೆ ಕೆಟ್ಟಾಗ ಅದೊಂದನ್ನೇ ಎತ್ತಿ ಬದಲಿಸಬಹುದು.

ನೇರ ದಾರಿಯಲ್ಲಿ ಒಂದು ಕಾಗದದ ಕಾರ್ಡಿನ ದಪ್ಪದಷ್ಟು ಸಂದು ಬಿಡಬೇಕು. ಒಂದು ಮೀಟರ್ ನಿಕಲ್ ಸಿಲ್ವರ್ ಹಳಿ 20 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಹಿಗ್ಗುವುದು ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು. ಅದಕ್ಕಿಂತ ಮರದ ಚೌಕಟ್ಟಿನ ಕಡೆಗೇ ಹೆಚ್ಚು ಗಮನ ಬೇಕು. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ತೇವ ಹೀರಿ ಉಬ್ಬಿದ ಮರ ಬೇಸಿಗೆಯಲ್ಲಿ ಒಣಗಿ ಕುಗ್ಗುವಾಗ, ಸಂದೇ ಇಲ್ಲದ ಹಳಿಗೆ ಹೋಗಲು ಜಾಗವಿಲ್ಲದೆ ಅದು ಪಕ್ಕಕ್ಕೆ ಬಾಗುತ್ತದೆ. ಹಲಗೆಗೆ ಕೆಳಗಿನಿಂದಲೂ ಬಣ್ಣ ಬಳಿದು ತೇವ ಹೀರದಂತೆ ಮಾಡುವುದು ಇದಕ್ಕೆ ಮೊದಲ ಪರಿಹಾರ.

ಜಲ್ಲಿ ಸುರಿಯುವ ಮುನ್ನ, ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಎಂಜಿನಿಲ್ಲದೆ ಕೈಯಲ್ಲಿ ತಳ್ಳುತ್ತಾ ಪ್ರತಿ ಟರ್ನ್‌ಔಟನ್ನೂ ಎರಡೂ ದಾರಿಗಳಲ್ಲಿ, ಎರಡೂ ದಿಕ್ಕುಗಳಿಂದ ದಾಟಿಸಿ ನೋಡಿ.