ಟ್ರಿನಿಡಾಡ್: ಹಳದಿ ಕಾರ್ಡು, ಹಸಿರು ಪಟ್ಟಿಯ ಮ್ಯಾಕ್ಸಿ, ಬೆಳಗಿನ ಡಬಲ್ಸ್

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಕ್ಕೆಂದು ಟ್ರಿನಿಡಾಡ್‌ಗೆ ಹೋಗಲು ವೀಸಾ ಬೇಕಿಲ್ಲ, 90 ದಿನ ಇರಬಹುದು. ಆ ಖುಷಿಯಲ್ಲಿ ಟಿಕೆಟ್ ಮಾಡಿಸಿದವರು ಸಿಕ್ಕಿಹಾಕಿಕೊಳ್ಳುವುದು ಬೆಂಗಳೂರಿಗೆ ವಾಪಸ್ ಇಳಿದಾಗ. ಟ್ರಿನಿಡಾಡ್ ದ್ವೀಪ ನಮ್ಮ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿದೆ. ಅಲ್ಲಿಂದ ಬಂದವರ ಕೈಯಲ್ಲಿ ಲಸಿಕೆಯ ಹಳದಿ ಕಾರ್ಡು ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಹಳದಿ ಜ್ವರದ ಬೇರೆ ದೇಶ ಮುಟ್ಟದೆ ಇಲ್ಲಿಂದ ಹೋಗುವವರನ್ನು ಆ ಊರಿನವರು ಕಾರ್ಡು ಕೇಳುವುದೇ ಇಲ್ಲ, ಹಾಗಾಗಿ ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲಷ್ಟೇ ಕಾರ್ಡಿಗೆ ಬೆಲೆ, ಆಮೇಲೆ ಜೀವಮಾನವಿಡೀ ನಡೆಯುತ್ತದೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಎಲ್ಲ ದಿನವೂ ಇರುವುದಿಲ್ಲ. ಮೊಟ್ಟೆ ಅಲರ್ಜಿ ಇರುವವರು, 60 ದಾಟಿದವರು ಮೊದಲು ವೈದ್ಯರನ್ನು ಕೇಳಿ. ಪ್ರಯಾಣಕ್ಕೆ ಒಂದು ತಿಂಗಳು ಇರುವಾಗಲೇ ಈ ಕೆಲಸ ಮುಗಿಸಿಬಿಡಿ.

ಇನ್ನೊಂದು ಗುಂಡಿ ದಾರಿಯಲ್ಲೇ ಇದೆ. ನೇರ ವಿಮಾನ ಇಲ್ಲ. ಅಮೆರಿಕದ ಮೂಲಕ ಹೋದರೆ ವಿಮಾನ ಬದಲಿಸುವುದಕ್ಕೂ ಅಲ್ಲಿನ ವೀಸಾ ಬೇಕು. ಲಂಡನ್‌ನಲ್ಲಿ ಹೀಥ್ರೂನಲ್ಲಿ ಇಳಿದು ಗ್ಯಾಟ್ವಿಕ್‌ನಿಂದ ಹೊರಡುವ ಟಿಕೆಟ್ ಅಗ್ಗವಾಗಿ ಕಂಡೀತು, ಆದರೆ ನಿಲ್ದಾಣದಿಂದ ಹೊರಗೆ ಬರಬೇಕಾದ್ದರಿಂದ ಬ್ರಿಟನ್ ವೀಸಾ ಬೀಳುತ್ತದೆ. ಮೊದಲು ದಾರಿಯ ವೀಸಾ ನಿಯಮ ನೋಡಿ, ಆಮೇಲೆ ಟಿಕೆಟ್ ದರ ನೋಡಿ. ಮಿಲಿಟರಿ ಬಣ್ಣದ ಚುಕ್ಕೆಬಟ್ಟೆ, ಟೋಪಿ, ಬ್ಯಾಗು ಮನೆಯಲ್ಲೇ ಇರಲಿ. ಅಲ್ಲಿ ಅದನ್ನು ಧರಿಸುವುದು ಕಾನೂನುಬಾಹಿರ, ಮಕ್ಕಳ ಚಡ್ಡಿಗೂ ವಿನಾಯಿತಿ ಇಲ್ಲ.

ಯಾವಾಗ ಹೋಗಬೇಕು ಎಂದರೆ ಎಲ್ಲರ ಬಾಯಲ್ಲೂ ಬರುವುದು ಕಾರ್ನಿವಲ್. ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಉಪವಾಸ ಶುರುವಾಗುವ ಆ್ಯಶ್ ಬುಧವಾರದ ಹಿಂದಿನ ಸೋಮವಾರ, ಮಂಗಳವಾರ ಅದು. 2027ರಲ್ಲಿ ಫೆಬ್ರವರಿ 8 ಮತ್ತು 9. ಜನಜಂಗುಳಿ ಆಗದವರು ಆ ಎರಡು ದಿನ ಆ ದ್ವೀಪದಲ್ಲಿ ಇರದಿರುವುದೇ ವಾಸಿ. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಸಾಧಾರಣ ಗೆಸ್ಟ್‌ಹೌಸುಗಳು ಆ ವಾರ ದರವನ್ನು ಎರಡು ಮೂರು ಪಟ್ಟು ಮಾಡುತ್ತವೆ. ಕನಿಷ್ಠ ಐದೋ ಏಳೋ ರಾತ್ರಿ ಇರಲೇಬೇಕು ಎನ್ನುತ್ತವೆ, ಹಣ ಪೂರ್ತಿ ಮುಂಗಡ, ಹೋಗದಿದ್ದರೆ ವಾಪಸ್ ಇಲ್ಲ. ಇಷ್ಟು ಕೊಟ್ಟ ಮೇಲೂ ಸಿಗುವುದು ಬೇರೆ ದಿನಗಳಲ್ಲಿ ಸಿಗುವ ಅದೇ ಕೋಣೆ, ಅದೇ ಗಡಗಡ ಫ್ಯಾನು. ರಾತ್ರಿಯಿಡೀ ಬೀದಿಯಲ್ಲಿ ಲಾರಿಗಟ್ಟಲೆ ಸ್ಪೀಕರ್. ವೇಷ ಕಟ್ಟಿ ಮೆರವಣಿಗೆಯಲ್ಲಿ ಕುಣಿಯಬೇಕೆಂದರೆ ‘ಬ್ಯಾಂಡ್’ ಎಂಬ ವೇಷದ ತಂಡದವರಿಗೆ ನೂರಾರು ಅಮೆರಿಕನ್ ಡಾಲರ್ ಬೇರೆ, ಅದನ್ನೂ ತಿಂಗಳುಗಟ್ಟಲೆ ಮೊದಲೇ ಕಾದಿರಿಸಬೇಕು.

ಯಾವ ಋತುವಿನಲ್ಲೇ ಆಗಲಿ, ಕೋಣೆ ಹಿಡಿಯುವಾಗ ಎರಡು ಮಾತು ಕೇಳಿ. ಹೇಳಿದ ದರದಲ್ಲಿ ತೆರಿಗೆ, ಸರ್ವಿಸ್ ಚಾರ್ಜ್ ಸೇರಿದೆಯೇ? ಸೇರಿಲ್ಲದಿದ್ದರೆ ಬಿಲ್ಲು ಐದನೇ ಒಂದು ಪಾಲಿನಷ್ಟು ಉಬ್ಬುತ್ತದೆ. ಎರಡನೆಯದು, ಮನೆಯ ಮೇಲೆ ನೀರಿನ ಟ್ಯಾಂಕ್ ಇದೆಯೇ? ಒಣಗಾಲದಲ್ಲಿ ಬಡಾವಣೆಗಳಿಗೆ ಸರದಿಯ ಮೇಲೆ ನೀರು ಬಿಡುತ್ತಾರೆ. ಟ್ಯಾಂಕ್ ಇಲ್ಲದ ಮನೆಯಲ್ಲಿ ಬೆಳಗ್ಗೆ ನಲ್ಲಿ ತಿರುಗಿಸಿದರೆ ಗಾಳಿ ಬರುತ್ತದೆ.

ಕಾರ್ನಿವಲ್‌ಗಿಂತ ಎರಡು ಮೂರು ವಾರ ಮುಂಚೆ, ಅಂದರೆ ಜನವರಿ ಮಧ್ಯದಿಂದ ಹೋದರೆ ಒಳ್ಳೆಯದೆಲ್ಲ ಸಿಗುತ್ತದೆ, ದರ ಇನ್ನೂ ಏರಿರುವುದಿಲ್ಲ. ಆ ಒಳ್ಳೆಯದು ಪ್ಯಾನ್‌ಯಾರ್ಡ್, ಸ್ಟೀಲ್‌ಪ್ಯಾನ್ ತಂಡಗಳು ಅಭ್ಯಾಸ ಮಾಡುವ ಅಂಗಳ. 55 ಗ್ಯಾಲನ್ನಿನ ಎಣ್ಣೆ ಡ್ರಮ್ಮಿನ ತಳವನ್ನು ತಟ್ಟಿ, ಬಗ್ಗಿಸಿ, ಸ್ವರಕ್ಕೆ ಕೂರಿಸಿ ಮಾಡಿದ ಸ್ಟೀಲ್‌ಪ್ಯಾನ್ ಹುಟ್ಟಿದ್ದು ಪೋರ್ಟ್ ಆಫ್ ಸ್ಪೇನ್‌ನ ಬಡವರ ಕೇರಿಗಳಲ್ಲಿ. 1992ರಲ್ಲಿ ಅದು ದೇಶದ ರಾಷ್ಟ್ರೀಯ ವಾದ್ಯವಾಯಿತು. ಕಾರ್ನಿವಲ್ ಹಿಂದಿನ ಶನಿವಾರ ರಾತ್ರಿ ಪನೋರಮಾ ಸ್ಪರ್ಧೆಯ ಫೈನಲ್. ಅದಕ್ಕಾಗಿ ನೂರಕ್ಕೂ ಹೆಚ್ಚು ವಾದಕರಿರುವ ದೊಡ್ಡ ತಂಡಗಳು ವಾರಗಟ್ಟಲೆ ಪ್ರತಿ ರಾತ್ರಿ ಬಯಲಿನಲ್ಲಿ ಅಭ್ಯಾಸ ಮಾಡುತ್ತವೆ. ಒಳಗೆ ಹೋಗಲು ಸಾಮಾನ್ಯವಾಗಿ ಟಿಕೆಟ್ ಇಲ್ಲ. ಅಲ್ಲೇ ಒಂದು ಸಣ್ಣ ಬಾರ್ ಇರುತ್ತದೆ, ಸೋಡಾ ಕೊಂಡರೂ ತಂಡಕ್ಕೆ ನಾಲ್ಕು ಕಾಸು.

ಏಳು ಗಂಟೆಗೇ ಹೋಗಿ ನಿಂತರೆ ಬೇಸರವಾಗುತ್ತದೆ. ಮೊದಲ ತಾಸುಗಳಲ್ಲಿ ಒಂದೊಂದು ವಿಭಾಗ ನಾಲ್ಕು ಆವರ್ತಗಳನ್ನೇ ಇಪ್ಪತ್ತು ಸಲ ಬಾರಿಸುತ್ತಿರುತ್ತದೆ. ಎಷ್ಟೋ ವಾದಕರು ನೊಟೇಶನ್ ಇಲ್ಲದೆ ಕಿವಿಯಿಂದಲೇ ಕಲಿಯುವವರು. ಒಂಬತ್ತೂವರೆ ದಾಟಿದ ಮೇಲೆ ಎಲ್ಲರೂ ಸೇರಿ ಪೂರ್ತಿ ನುಡಿಸುತ್ತಾರೆ. ಎಡಬಲದ ತುದಿಯಲ್ಲಿ ನಿಲ್ಲಬೇಡಿ, ಅಲ್ಲಿ ಆರು ಡ್ರಮ್ಮಿನ ಬಾಸ್ ಬಿಟ್ಟರೆ ಬೇರೇನೂ ಕೇಳಿಸದು. ನಡುವಿನಲ್ಲಿ ‘ಎಂಜಿನ್ ರೂಮ್’ ಎಂಬ ತಾಳದ ಗುಂಪು ಇರುತ್ತದೆ. ಅವರ ಕೈಯಲ್ಲಿರುವುದು ಕಾರಿನ ಹಳೆಯ ಬ್ರೇಕ್ ಡ್ರಮ್, ಅದನ್ನು ಕಬ್ಬಿಣದ ಸರಳಿನಿಂದ ಬಡಿಯುತ್ತಾರೆ. ಅದರ ಎದುರಿಗೆ, ಹತ್ತು ಹೆಜ್ಜೆ ಹಿಂದೆ ನಿಂತರೆ ಎತ್ತರದ ಸ್ವರದ ಟೆನರ್ ಪ್ಯಾನ್‌ನಿಂದ ತಗ್ಗಿನ ಬಾಸ್‌ವರೆಗೆ ಎಲ್ಲವೂ ಒಟ್ಟಿಗೆ ಬರುತ್ತದೆ. ಕಿವಿಗೆ ಹತ್ತಿ ಇರಲಿ. ವುಡ್‌ಬ್ರೂಕ್‌ನ ಫೇಸ್ ಟೂ ತಂಡದ ಅಂಗಳಕ್ಕೆ ಅದೇ ಬಡಾವಣೆಯಲ್ಲಿ ಇಳಿದುಕೊಂಡವರು ನಡೆದೇ ಹೋಗಬಹುದು. ಷಾರ್ಲಟ್ ಸ್ಟ್ರೀಟಿನ ರೆನೆಗೇಡ್ಸ್, ಡ್ಯೂಕ್ ಸ್ಟ್ರೀಟಿನ ಆಲ್ ಸ್ಟಾರ್ಸ್ ನೋಡಲು ಹೋಗುವವರು ಬಾಗಿಲ ತನಕ ಕಾರು ಮಾಡಿಕೊಳ್ಳಿ, ವಾಪಸ್ ಬರಲೂ ಮೊದಲೇ ಹೇಳಿಡಿ. ನಗರದ ಆ ಭಾಗದಲ್ಲಿ ರಾತ್ರಿ ಸುಮ್ಮನೆ ಅಡ್ಡಾಡುವಂತಿಲ್ಲ. ಅಪರಾಧ ಹೆಚ್ಚಿ 2024ರ ಡಿಸೆಂಬರ್ ಕೊನೆಯಲ್ಲೂ 2025ರ ಜುಲೈನಲ್ಲೂ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತ್ತು. ಹೊರಡುವ ವಾರ ಸುದ್ದಿ ನೋಡಿಕೊಳ್ಳಿ.

ಓಡಾಟಕ್ಕೆ ಮ್ಯಾಕ್ಸಿ ಟ್ಯಾಕ್ಸಿ ಸಾಕು. ಬಿಳಿ ವ್ಯಾನು, ಹೊಟ್ಟೆಯ ಮೇಲೆ ಬಣ್ಣದ ಪಟ್ಟಿ. ಹಳದಿ ರಾಜಧಾನಿಯ ಸುತ್ತಮುತ್ತ ಮತ್ತು ಪಶ್ಚಿಮಕ್ಕೆ, ಕೆಂಪು ಪೂರ್ವಕ್ಕೆ, ಹಸಿರು ಚಗ್ವಾನಸ್, ಸ್ಯಾನ್ ಫರ್ನಾಂಡೋ ಕಡೆಗೆ. ಕೆಂಪು, ಹಸಿರು ಎರಡೂ ಸೌತ್ ಕೀಯ ಸಿಟಿ ಗೇಟ್ ನಿಲ್ದಾಣದಿಂದ ಹೊರಡುತ್ತವೆ. ಸೀಟು ತುಂಬಿದ ಮೇಲೇ ಗಾಡಿ ಕದಲುವುದು. ಹತ್ತಿದ ಕೂಡಲೇ ‘ಗುಡ್ ಮಾರ್ನಿಂಗ್’ ಎನ್ನಬೇಕು, ಡ್ರೈವರ್‌ಗಷ್ಟೇ ಅಲ್ಲ, ಕೂತಿರುವ ಎಲ್ಲರಿಗೂ. ಅಂಗಡಿಯಲ್ಲೂ ಅಷ್ಟೇ. ನಮಸ್ಕಾರವಿಲ್ಲದೆ ನೇರ ದಾರಿ ಕೇಳಿದವರಿಗೆ ಬರುವ ಉತ್ತರ ಮೊಟಕು. ನೂರರ ನೋಟು ಚಾಚಬೇಡಿ, ಚಿಲ್ಲರೆ ಇಟ್ಟುಕೊಳ್ಳಿ.

ಸರ್ಕಾರಿ ಬಸ್ಸು ಅಗ್ಗ, ಆದರೆ ಹೊಸಬರ ಪಾಲಿಗೆ ತಲೆನೋವು. ಬಸ್ಸಿನೊಳಗೆ ಹಣ ತೆಗೆದುಕೊಳ್ಳುವುದಿಲ್ಲ. ಟಿಕೆಟ್ಟನ್ನು ನಿಲ್ದಾಣದಲ್ಲೋ ಕೆಲವು ಅಂಗಡಿಗಳಲ್ಲೋ ಮೊದಲೇ ಕೊಳ್ಳಬೇಕು. ಹೋಗುವಾಗ ನಿಲ್ದಾಣದಲ್ಲಿ ಸುಲಭವಾಗಿ ಸಿಗುತ್ತದೆ, ವಾಪಸ್ ಬರುವ ಟಿಕೆಟ್ ನೆನಪಾಗುವುದು ಹಳ್ಳಿಯ ಬಸ್‌ಸ್ಟಾಪಿನಲ್ಲಿ. ಭಾನುವಾರವಾದರೆ ಅಂಗಡಿಯೂ ಮುಚ್ಚಿರುತ್ತದೆ. ಡ್ರೈವರ್ ತಲೆಯಾಡಿಸಿ ಬಾಗಿಲು ಹಾಕಿಕೊಂಡು ಹೋಗುತ್ತಾನೆ, ಮುಂದಿನ ಬಸ್ಸು ಯಾವಾಗ ಎಂದು ಹೇಳುವವರಿಲ್ಲ. ಆಗ ಪಕ್ಕದಲ್ಲಿ ಬಂದು ನಿಲ್ಲುವುದು ‘ಪಿಎಚ್’ ಕಾರು. ಬಾಡಿಗೆ ಗಾಡಿಯ ನಂಬರ್ ‘ಎಚ್’ ಅಕ್ಷರದಿಂದ ಶುರುವಾಗುತ್ತದೆ, ಖಾಸಗಿ ಗಾಡಿಯದು ‘ಪಿ’ಯಿಂದ. ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ. ಸ್ಥಳೀಯರು ಹತ್ತುತ್ತಾರೆ, ನಿಜ, ಆದರೆ ನೀವು ಹತ್ತಬೇಡಿ. ಹೋಗುವಾಗಲೇ ಎರಡು ಟಿಕೆಟ್ ಕೊಂಡಿಟ್ಟುಕೊಂಡರೆ ಈ ಗೋಳೇ ಇಲ್ಲ.

ಇನ್ನು ಊಟ. ರೆಸ್ಟೋರೆಂಟುಗಳ ವಿಷಯ ಬಿಡಿ, ರಸ್ತೆ ಬದಿಯ ಡಬಲ್ಸ್ ಗಾಡಿಯ ಮುಂದೆ ಅವು ಯಾವ ಲೆಕ್ಕ! ಅರಿಸಿನ ಹಾಕಿದ ಮೈದಾ ಹಿಟ್ಟನ್ನು ಹುದುಗಿಸಿ, ಅಂಗೈಯಗಲ ತಟ್ಟಿ ಎಣ್ಣೆಯಲ್ಲಿ ಕ್ಷಣಮಾತ್ರ ಅದ್ದಿ ತೆಗೆದ ಮೆತ್ತನೆಯ ‘ಬಾರಾ’ ಎರಡು, ಮೇಲೆ ನೀರಾಗಿ ಬೇಯಿಸಿದ ಕಾಬೂಲಿ ಕಡಲೆ ಪಲ್ಯ. ಅದರ ಮೇಲೆ ಹುಣಸೆಯ ಸಿಹಿಹುಳಿ, ತುರಿದ ಸೌತೆಕಾಯಿ, ಮಲೆನಾಡಿನ ಹಿತ್ತಿಲಲ್ಲಿ ಬೆಳೆಯುವ ಕಾಡುಕೊತ್ತಂಬರಿಯ ಚಟ್ನಿ, ಮೆಣಸಿನ ಸಾಸ್. 1936ರ ಸುಮಾರಿಗೆ ಪ್ರಿನ್ಸಸ್ ಟೌನ್‌ನ ದೀನ್ ಕುಟುಂಬ ಇದನ್ನು ಶುರುಮಾಡಿತು ಎನ್ನುತ್ತಾರೆ. ಬೆಲೆ ಐದರಿಂದ ಹತ್ತು ಟಿಟಿ ಡಾಲರ್ (ಟ್ರಿನಿಡಾಡ್ ಮತ್ತು ಟೊಬೇಗೊ ದೇಶದ ಹಣ) ಒಳಗೆ. ಎರಡು ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಮೊಟ್ಟೆಯಿಲ್ಲ, ಮಾಂಸವಿಲ್ಲ, ಸಸ್ಯಾಹಾರಿಗಳಿಗೆ ಇದಕ್ಕಿಂತ ನಿಶ್ಚಿಂತೆಯ ತಿಂಡಿ ಆ ದ್ವೀಪದಲ್ಲಿಲ್ಲ.

ತಿನ್ನುವುದಕ್ಕೂ ಕ್ರಮವಿದೆ. ಗಾಡಿಯವನು ಕಾಗದ ಅಂಗೈಗೆ ಹಾಕಿಕೊಳ್ಳುವಷ್ಟರಲ್ಲಿ ‘ಟೂ, ಸ್ಲೈಟ್’ ಎಂದು ಹೇಳಿರಬೇಕು. ಎರಡು, ಖಾರ ಒಂದು ಗೀರು ಅಂತ. ಖಾರವೇ ಬೇಡವೆಂದರೆ ‘ನೋ ಪೆಪ್ಪರ್’. ಆಂಧ್ರದ ಉಪ್ಪಿನಕಾಯಿ ತಿನ್ನುವವರೂ ಮೊದಲ ದಿನ ‘ಸ್ಲೈಟ್’ ದಾಟಬೇಡಿ. ಇದೇ ದ್ವೀಪದ ಮೊರೂಗಾ ಸ್ಕಾರ್ಪಿಯನ್ ಮೆಣಸಿನಕಾಯಿಯನ್ನು 2012ರಲ್ಲಿ ಜಗತ್ತಿನಲ್ಲೇ ಅತಿ ಖಾರದ್ದೆಂದು ಗುರುತಿಸಿದ್ದರು. ಮೇಲಿನ ಬಾರಾ ಹರಿದು ಅದರಲ್ಲೇ ಕಡಲೆ ಬಾಚಿಕೊಂಡು ನಿಂತೇ ತಿನ್ನಿ. ಎಷ್ಟು ತಿಂದಿರಿ ಎಂದು ಕೊನೆಯಲ್ಲಿ ನೀವೇ ಹೇಳಿ ದುಡ್ಡು ಕೊಡಬೇಕು. ಬೆಳಗ್ಗೆ ಆರರಿಂದ ಒಂಬತ್ತರೊಳಗೆ ಬಾರಾ ಬಿಸಿ, ಹತ್ತು ದಾಟಿದರೆ ಬಹಳ ಗಾಡಿಗಳು ಖಾಲಿ. ಕ್ಯುರೆಪ್ ಜಂಕ್ಷನ್‌ನಲ್ಲಿ ಸಾಲಾಗಿ ನಿಂತಿರುತ್ತವೆ. ಯಾವ ಗಾಡಿಯ ಮುಂದೆ ಕಚೇರಿಗೆ ಹೊರಟವರ ಸಾಲು ಉದ್ದವೋ ಅಲ್ಲಿ ನಿಲ್ಲಿ.

ದಕ್ಷಿಣದ ಡೆಬೆಗೆ ಹೋದರೆ ರಸ್ತೆ ಬದಿಯಲ್ಲಿ ಸಹೀನಾ ಸಿಗುತ್ತದೆ: ಕೆಸುವಿನ ಎಲೆಗೆ ಬೇಳೆ ಹಿಟ್ಟು ಬಳಿದು, ಸುತ್ತಿ, ಹೆಚ್ಚಿ ಕರಿದದ್ದು. ನಮ್ಮ ಪತ್ರೊಡೆ ಅಕ್ಕಿ ಬಿಟ್ಟು ಬೇಳೆ ಹಿಡಿದಂತೆ. ಎಚ್ಚರ ಬೇಕಾದದ್ದು ಬೇರೆ ಕಡೆ. ಅದೇ ಕೆಸುವಿನ ಎಲೆಯ ಕ್ಯಾಲಲೂ ಎಂಬ ಸಾರಿನಲ್ಲಿ ಏಡಿ ಇರಬಹುದು, ನೋಡಲು ಬರೀ ಕಾಳಿನ ಪಲ್ಯದಂತಿರುವುದರಲ್ಲಿ ಉಪ್ಪು ಹಾಕಿದ ಹಂದಿಬಾಲ. ‘ವೆಜಿಟೇರಿಯನ್’ ಎನ್ನುವುದಕ್ಕಿಂತ ‘ಮಾಂಸ, ಮೀನು, ಏಡಿ ಯಾವುದೂ ಬೇಡ’ ಎಂದು ಬಿಡಿಸಿ ಹೇಳಿ.

ಸಾಹಿತ್ಯ ಹಿಡಿದು ಹೋಗುವವರಿಗೂ ಹಸಿರು ಪಟ್ಟಿಯ ಮ್ಯಾಕ್ಸಿಯೇ ದಾರಿ. 1845ರ ಮೇ 30ರಂದು ಫತೇಲ್ ರಜಾಕ್ ಹಡಗಿನಲ್ಲಿ ಭಾರತದಿಂದ ಮೊದಲ ಕೂಲಿಗಳು ಬಂದಿಳಿದರು. 1917ರವರೆಗೆ ಹಾಗೆ ಬಂದವರಲ್ಲಿ ಬಹುಪಾಲು ಇಂದಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು, ಮದ್ರಾಸ್ ಬಂದರಿನಿಂದ ಹೊರಟವರು ಕಡಿಮೆ. ಕಬ್ಬಿನ ಗದ್ದೆಗಳಿದ್ದ ನಡುನಾಡಿನಲ್ಲೇ ಅವರ ಮಕ್ಕಳು ಮೊಮ್ಮಕ್ಕಳು ನೆಲೆ ನಿಂತದ್ದು. ಚಗ್ವಾನಸ್ ಪೇಟೆಯ ಮೇನ್ ರೋಡಿನಲ್ಲಿ, ಬಟ್ಟೆ ಅಂಗಡಿಗಳ ನಡುವೆ, ಸಿಂಹದ ಗೊಂಬೆಗಳಿರುವ ಬಿಳಿ ಕಟ್ಟಡ ಲಯನ್ ಹೌಸ್. ಕಾದಂಬರಿಕಾರ ವಿ.ಎಸ್. ನೈಪಾಲ್ ಅವರ ತಾಯಿಯ ತವರು, ಅವರದೇ 1961ರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯ ಹನುಮಾನ್ ಹೌಸ್‌ಗೆ ಮೂಲ. ಖಾಸಗಿ ಆಸ್ತಿ, ಹೊರಗಿನಿಂದ ನೋಡಬೇಕು, ಹತ್ತು ನಿಮಿಷದ ಕೆಲಸ. ರಾಜಧಾನಿಯ ಸೇಂಟ್ ಜೇಮ್ಸ್‌ನ ನೇಪಾಲ್ ಸ್ಟ್ರೀಟಿನಲ್ಲಿರುವ 26ನೇ ನಂಬರಿನ ಪುಟ್ಟ ಮನೆ ಅದಕ್ಕಿಂತ ಮುಖ್ಯ. ನೈಪಾಲರ ತಂದೆ ಸಾಲಸೋಲ ಮಾಡಿ ಕೊನೆಗೂ ಕೊಂಡ ಮನೆ ಅದು. ಬಾಗಿಲು ತೆರೆದಿರುತ್ತದೆಂದು ನಂಬಿ ಹೋಗಬೇಡಿ, ಮೊದಲೇ ಸಮಯ ಕೇಳಿಕೊಳ್ಳಿ. ಅಕ್ಕಪಕ್ಕದ ಬೀದಿಗಳ ಹೆಸರು ಕಲ್ಕತ್ತಾ, ಬಾಂಬೆ, ಮದ್ರಾಸ್, ಲಕ್ನೋ. ಇದೇ ಸೇಂಟ್ ಜೇಮ್ಸ್‌ನಲ್ಲಿ ಮೊಹರಂಗೆ ಹೊಸೇ ಮೆರವಣಿಗೆ, ತಾಸೆ ಸಮೇತ. ಬೆಂಕಿಗೆ ಹಿಡಿದು ತಾಸೆಯ ಚರ್ಮ ಬಿಗಿ ಮಾಡುವುದನ್ನು ಉತ್ತರ ಕರ್ನಾಟಕದ ಅಲಾಯಿ ಹಬ್ಬ ಕಂಡವರು ದೂರದಿಂದಲೇ ಗುರುತಿಸುತ್ತಾರೆ. ಪ್ರತಿ ವರ್ಷ ದಿನಾಂಕ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ.

ಚಗ್ವಾನಸ್ ಪಕ್ಕದ ಫೆಲಿಸಿಟಿ ಹಳ್ಳಿಗೆ ದಸರೆ, ದೀಪಾವಳಿ ಹೊತ್ತಿಗೇ ಹೋಗಬೇಕು. ಬೇರೆ ದಿನ ಅಲ್ಲಿ ನೋಡಲು ಏನೂ ಇಲ್ಲ. ಬಯಲಿನಲ್ಲಿ ಸಂಜೆ ರಾಮಲೀಲೆ ಆಡುತ್ತಾರೆ. ಸೇಂಟ್ ಲೂಸಿಯಾದ ಕವಿ ಡೆರೆಕ್ ವಾಲ್ಕಟ್ 1992ರ ನೊಬೆಲ್ ಭಾಷಣ ಶುರುಮಾಡಿದ್ದೇ ಈ ಹಳ್ಳಿಯ ರಾಮಲೀಲೆಯಿಂದ. ನೊಬೆಲ್ ಸಂಸ್ಥೆಯ ತಾಣದಲ್ಲಿ ಅದು ಪುಕ್ಕಟೆ ಇದೆ, ಓದಿಕೊಂಡು ಹೋಗಿ. ಆ ತಿಂಗಳುಗಳಲ್ಲಿ ಮಧ್ಯಾಹ್ನ ಮಳೆ ಹೊಡೆಯುತ್ತದೆ, ಬಯಲು ಕೆಸರು, ಚಪ್ಪಲಿಗಿಂತ ಬೂಟು ಮೇಲು. ದೀಪಾವಳಿಗೆ ಮುಂಚಿನ ಒಂಬತ್ತು ರಾತ್ರಿ ಚಗ್ವಾನಸ್‌ನಲ್ಲಿ ದೀವಾಲಿ ನಗರ ಎಂಬ ಜಾತ್ರೆ. ಮಾಂಸ, ಮದ್ಯ ಎರಡೂ ಇಲ್ಲ. ವಾರಾಂತ್ಯ ತಪ್ಪಿಸಿ, ಕಾಲಿಡಲು ಜಾಗ ಇರುವುದಿಲ್ಲ.

ಚಗ್ವಾನಸ್‌ನಿಂದ ‘ಎಚ್’ ನಂಬರಿನ ಹಂಚಿಕೆಯ ಕಾರಿನಲ್ಲಿ ಕರಾಪಿಚೈಮಾ. ಅಲ್ಲಿನ 85 ಅಡಿ ಹನುಮಂತ ಮತ್ತು ದತ್ತಾತ್ರೇಯ ಗುಡಿ ಮೈಸೂರಿನ ಅವಧೂತ ದತ್ತ ಪೀಠಕ್ಕೆ ಸೇರಿದ್ದು. ಚಡ್ಡಿಯಲ್ಲಿ ಹೋಗಬೇಡಿ. ಅಲ್ಲಿಂದ ಮುಂದೆ ವಾಟರ್ಲೂ ತೀರದಲ್ಲಿ ಸಮುದ್ರದ ಗುಡಿ. ಸೇವದಾಸ್ ಸಾಧು ಎಂಬ ಕೂಲಿಯಾಳು 1947ರಲ್ಲಿ ತೀರದಲ್ಲಿ ಗುಡಿ ಕಟ್ಟಿದ. ನೆಲ ಸಕ್ಕರೆ ಕಂಪನಿಯದೆಂದು ಅದನ್ನು ಕೆಡವಿಸಿದರು, ಅವನೂ ಜೈಲು ಕಂಡ. ಸಮುದ್ರ ಯಾರ ಅಪ್ಪನದೂ ಅಲ್ಲವಲ್ಲ ಎಂದು ಸೈಕಲ್ಲಿನಲ್ಲಿ ಕಲ್ಲು ಹೊತ್ತು ನೀರಿನೊಳಗೇ ಕಟ್ಟತೊಡಗಿದ. ಈಗಿರುವುದು 1995ರಲ್ಲಿ ಮತ್ತೆ ಕಟ್ಟಿದ್ದು. ನೀರು ಇಳಿದಾಗ ಸುತ್ತ ಬರೀ ಕೆಸರು, ಉಬ್ಬರದ ಹೊತ್ತು ನೋಡಿಕೊಂಡು ಹೋಗಿ. ಪಕ್ಕದಲ್ಲೇ ಚಿತೆ ಉರಿಸುವ ಸ್ಥಳವಿದೆ, ಅಲ್ಲಿ ಕ್ಯಾಮೆರಾ ಎತ್ತಬೇಡಿ. ಸಂಜೆ ಐದರ ನಂತರ ಆ ರಸ್ತೆಯಲ್ಲಿ ಗಾಡಿ ಸಿಗುವುದು ದುಸ್ತರ. ಕರೆತಂದ ಕಾರಿನವನನ್ನೇ ಕಾಯಲು ಹೇಳಿ, ದರ ಮೊದಲೇ ಮಾತಾಡಿ. ರಾಜಧಾನಿಗೆ ಬರುವ ಹೆದ್ದಾರಿ ಬೆಳಗ್ಗೆ, ಅಲ್ಲಿಂದ ಹೊರಡುವುದು ಸಂಜೆ ಕಿಕ್ಕಿರಿಯುತ್ತದೆ, ನೀವು ಅದಕ್ಕೆ ತಿರುಗಾಮುರುಗಾ ಓಡಾಡಿದರೆ ಗಂಟೆಗಳು ಉಳಿಯುತ್ತವೆ.

ದೇಶದ ಇನ್ನೊಂದು ದ್ವೀಪ ಟೊಬೇಗೊ, ಅದು ಕಡಲತೀರ ಬೇಕಾದವರಿಗೆ. ಅದಕ್ಕೆ ಬೇರೆಯವರು ಬರೆದದ್ದು ಬೇಕಾದಷ್ಟಿದೆ.

ದುಡ್ಡಿನ ವಿಷಯ. ಒಂದು ಅಮೆರಿಕನ್ ಡಾಲರ್‌ಗೆ ಆರೂಮುಕ್ಕಾಲು ಟಿಟಿ ಡಾಲರ್ ಆಸುಪಾಸು. ದೇಶದಲ್ಲಿ ಅಮೆರಿಕನ್ ಡಾಲರಿಗೆ ಬರ, ಬ್ಯಾಂಕುಗಳು ಕೊಳ್ಳಲು ತಯಾರು, ಮಾರಲು ಅಲ್ಲ. ಹಾಗಾಗಿ ಒಮ್ಮೆ ಬದಲಿಸಿದ್ದು ವಾಪಸ್ ಆಗುವುದು ಕಷ್ಟ, ಬೆಂಗಳೂರಿನಲ್ಲಂತೂ ಆ ನೋಟು ಕೇಳುವವರಿಲ್ಲ. ಒಂದು ಸಲಕ್ಕೆ 100 ಅಮೆರಿಕನ್ ಡಾಲರ್‌ಗಿಂತ ಹೆಚ್ಚು ಬದಲಿಸಬೇಡಿ. ಕೊನೆಗೆ ಉಳಿದದ್ದಕ್ಕೆ ಪೆಪ್ಪರ್ ಸಾಸ್, ಕುಚೇಲಾ ಮಾವಿನ ಉಪ್ಪಿನಕಾಯಿ ಕೊಳ್ಳಿ. ಬಾಟಲಿಗಳನ್ನು ಚೆಕ್-ಇನ್ ಬ್ಯಾಗಿಗೇ ಹಾಕಬೇಕು, ಮುಚ್ಚಳದ ಸುತ್ತ ಟೇಪು ಸುತ್ತಿ.