ಬಿಇಒ ಮೇಲುಸಹಿ

ಶನಿವಾರ ಬೆಳಿಗ್ಗೆ ನಾನು ಫ್ರೆಸ್ನೊದ ಒಂದು ಹೈಸ್ಕೂಲಿನ ಲೈಬ್ರರಿಯಲ್ಲಿರುತ್ತೇನೆ. ಕ್ಯಾಲಿಫೋರ್ನಿಯಾ ಎಂದರೆ ನಮ್ಮೂರಿನವರಿಗೆ ಕಂಪ್ಯೂಟರ್ ಕಂಪನಿಗಳೇ ಕಣ್ಣಿಗೆ ಕಟ್ಟುತ್ತವೆ. ನಾನಿರುವ ಕಡೆ ದ್ರಾಕ್ಷಿ, ಬಾದಾಮಿ ತೋಟಗಳು, ಅಲ್ಲಿ ಕೂಲಿಗೆ ಹೋಗುವ ಮೆಕ್ಸಿಕೊ ಮೂಲದ ಸಂಸಾರಗಳು. ಆ ಮನೆಗಳ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಬಡಮನೆಯ ಮಕ್ಕಳನ್ನು ಕಾಲೇಜಿಗೆ ತಯಾರು ಮಾಡುವ ಈ ಸರ್ಕಾರಿ ಕಾರ್ಯಕ್ರಮದ ಹೆಸರು ಅಪ್‌ವರ್ಡ್ ಬೌಂಡ್.

ಹೋದ ವಾರ ಒಬ್ಬ ಹುಡುಗಿ ಕಾಲೇಜಿನ ನೆರವಿಗೆ ಹಾಕುವ ಫಾಫ್ಸಾ ಅರ್ಜಿ ತುಂಬುತ್ತಿದ್ದಳು. 'ತಂದೆ-ತಾಯಿ ಕಾಲೇಜಿಗೆ ಹೋಗಿದ್ದಾರೆಯೇ?' ಎಂಬಲ್ಲಿಗೆ ಬಂದು ನಿಂತಳು. 'ಇಲ್ಲ' ಎಂದು ಒತ್ತಿದರೆ ದುಡ್ಡು ಕೊಡುವುದಿಲ್ಲವೇನೋ ಎಂದು ಅವಳಿಗೆ ಭಯ. ಕಾರ್ಯಕ್ರಮ ನೋಡಿಕೊಳ್ಳುವ ಮೇಡಂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಅರ್ಜಿ ಮುಗಿಯುವ ತನಕ, ಮುಕ್ಕಾಲು ಗಂಟೆ, ಎದ್ದೇಳಲಿಲ್ಲ. ನನಗೆ ಅಲ್ಲಿ ಕೂತಲ್ಲೇ ಅಕ್ಕ ನೆನಪಾದಳು.

ನಮ್ಮಪ್ಪ ದಾವಣಗೆರೆಯ ಎಪಿಎಂಸಿ ಯಾರ್ಡ್‌ನಲ್ಲಿ ಹಮಾಲಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ರಾತ್ರಿ ಮನೆಗೆ ಬಂದರೆ ಅಂಗಿಯ ಹೆಗಲ ಮೇಲೆ ಚೀಲದ ನಾರು ಅಂಟಿಕೊಂಡಿರುತ್ತಿತ್ತು, ಅಕ್ಕ ಅದನ್ನು ಒಂದೊಂದೇ ಕಿತ್ತು ತೆಗೆಯುತ್ತಿದ್ದಳು. ನಮ್ಮಿಬ್ಬರಲ್ಲಿ ಜಾಣೆ ಅವಳೇ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಳು, ಸಿಇಟಿಯಲ್ಲಿ ಕನ್ನಡ ಮಾಧ್ಯಮದ ಕೋಟಾ ಇದೆ. ವ್ಯಾಸಂಗ ಪ್ರಮಾಣಪತ್ರವೂ ಇತ್ತು. ಅದರ ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕೆಂದು ಯಾರೂ ಹೇಳಿರಲಿಲ್ಲ. ದಾಖಲಾತಿ ಪರಿಶೀಲನೆಯಲ್ಲಿ ಕೋಟಾ ಹೋಯಿತು, ಅದರ ಜೊತೆ ಇಂಜಿನಿಯರಿಂಗ್ ಸೀಟೂ ಹೋಯಿತು. ಅಕ್ಕ ಬಿಎಸ್ಸಿ ಸೇರಿದಳು. ಅಪ್ಪ ಎಷ್ಟೋ ದಿನ 'ನಾನು ಓದಿದ್ದಿದ್ರೆ ಗೊತ್ತಾಗ್ತಿತ್ತಲ್ಲವ್ವಾ' ಅಂತಲೇ ಇದ್ದರು.

ಮೂರು ವರ್ಷದ ನಂತರ ನನ್ನ ಸರದಿ. ನಾಡಕಚೇರಿಯ ಜಾತಿ-ಆದಾಯ ಪತ್ರದಿಂದ ಹಿಡಿದು ಎಲ್ಲವನ್ನೂ ಅಕ್ಕನೇ ನನ್ನ ಜೊತೆ ಓಡಾಡಿ ಮಾಡಿಸಿದಳು. ನನಗೆ ಸೀಟು ಸಿಕ್ಕಿತು. ನನಗಿದ್ದದ್ದು ಬುದ್ಧಿಗಿಂತ ಹೆಚ್ಚಾಗಿ ಅಕ್ಕ.

ಇಲ್ಲಿ ಆ ಅಕ್ಕನ ಕೆಲಸಕ್ಕೆ ಸರ್ಕಾರ ಸಂಬಳ ಕೊಡುತ್ತದೆ. ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿದ್ದಾಗ, 1964ರಲ್ಲಿ ಬಂದ ಆರ್ಥಿಕ ಅವಕಾಶ ಕಾಯ್ದೆಯಿಂದ ಹುಟ್ಟಿದ್ದು ಅಪ್‌ವರ್ಡ್ ಬೌಂಡ್. ಸೇರಿಸಿಕೊಳ್ಳುವ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಬಡಮನೆಯವರೂ ಆಗಿರಬೇಕು, ತಂದೆ-ತಾಯಿ ಡಿಗ್ರಿ ಮಾಡದವರೂ ಆಗಿರಬೇಕು ಎಂಬುದು ನಿಯಮ. ಗಣಿತ, ವಿಜ್ಞಾನ, ಬರವಣಿಗೆಯ ಪಾಠ ನಡೆಯುತ್ತದೆ. ಬೇಸಿಗೆಯಲ್ಲಿ ಕೆಲವು ವಾರ ಕಾಲೇಜಿನಲ್ಲೇ ಉಳಿಸಿ ಓದಿಸುವುದೂ ಉಂಟು. ಹಾಸ್ಟೆಲ್ ರೂಮು, ಮೆಸ್ಸು, ದೊಡ್ಡ ಲೈಬ್ರರಿ ಎಲ್ಲ ಒಮ್ಮೆ ನೋಡಿ ಬಂದ ಮಗುವಿಗೆ ಕಾಲೇಜು ಪರರ ಮನೆ ಅನ್ನಿಸುವುದಿಲ್ಲ.

ಇದರಿಂದ ಎಲ್ಲ ಮಕ್ಕಳಿಗೂ ಒಂದೇ ಸಮ ಲಾಭ ಎಂದು ನಾನು ಹೇಳಲಾರೆ. ದೇಶಮಟ್ಟದ ಅಧ್ಯಯನದಲ್ಲಿ ಒಟ್ಟಾರೆ ಕಾಲೇಜು ಸೇರುವವರ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲಿಗೆ ಡಿಗ್ರಿಯ ಆಸೆಯನ್ನೇ ಇಟ್ಟುಕೊಂಡಿರದ ಮಕ್ಕಳಿಗೆ ಚೆನ್ನಾಗಿ ಅನುಕೂಲವಾಗಿತ್ತು. ಶನಿವಾರ ನನ್ನೆದುರು ಕೂರುವವರಲ್ಲಿ ಅಂಥವರೇ ಜಾಸ್ತಿ.

ಮೇಡಂ ಹೆಚ್ಚು ಹೆದರುವುದು ಸೀಟು ಸಿಕ್ಕಮೇಲಿನ ಬೇಸಿಗೆಗೆ. ಸೀಟು ಇದ್ದರೂ ಕ್ಲಾಸು ಶುರುವಾಗುವ ದಿನ ಬಾರದ ಮಕ್ಕಳಿದ್ದಾರೆ. ಅದಕ್ಕೆ ಇಲ್ಲಿ 'ಸಮ್ಮರ್ ಮೆಲ್ಟ್' ಅನ್ನುತ್ತಾರೆ, ಬೇಸಿಗೆಯಲ್ಲಿ ಕರಗಿಹೋಗುವುದು. ಹಾಸ್ಟೆಲ್ ಮುಂಗಡ, ಒಂದು ಲಸಿಕೆ ಚೀಟಿ, ಉತ್ತರ ಕೊಡದ ಒಂದು ಇ-ಮೇಲ್, ಇಷ್ಟು ಸಾಕು.

ನಮ್ಮಲ್ಲೂ ಸೌಲಭ್ಯಕ್ಕೆ ಬರವಿಲ್ಲ. ಆದಾಯ ಎಂಟು ಲಕ್ಷದೊಳಗಿನವರಿಗೆ ಬೋಧನಾ ಶುಲ್ಕ ಬಿಡುವ ಎಸ್‌ಎನ್‌ಕ್ಯೂ ಸೀಟುಗಳಿವೆ, ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಇದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೆ ಆ ದುಡ್ಡೂ ನಿಂತುಹೋಗುತ್ತದೆ. ದಾವಣಗೆರೆಯ ಒಂದೊಂದು ಪಿಯು ಕಾಲೇಜಿನಲ್ಲೂ ಜನವರಿಯಿಂದ, ಸಿಇಟಿ ಸೀಟಿಗೆ ಕಾಲೇಜು-ಕೋರ್ಸು ಆರಿಸುವ ಆಪ್ಷನ್ ಎಂಟ್ರಿ ಮುಗಿಯುವವರೆಗೆ, ವಾರಕ್ಕೊಂದು ದಿನ, ಮಕ್ಕಳ ಪಕ್ಕ ಕೂರುವವರು ಒಬ್ಬರು ಬೇಕು. ಊರಲ್ಲಿರುವ ಗೆಳೆಯರೇ, ನೀವು ಇದೇ ಅರ್ಜಿಗಳನ್ನು ತುಂಬಿ ಮೇಲೆ ಬಂದವರು. ದಯವಿಟ್ಟು ಹೋಗಿ ಕೂರಿ.

ಅಕ್ಕ ಈಗ ಹೈಸ್ಕೂಲ್ ಟೀಚರ್. ಭಾನುವಾರ ಫೋನ್ ಮಾಡಿದಾಗ ಮಾತು ಅರ್ಧಕ್ಕೇ ನಿಲ್ಲಿಸಿದಳು. ಯಾರ್ಡ್‌ನ ಹಮಾಲರೊಬ್ಬರ ಮಗ ಬಾಗಿಲಲ್ಲಿ ನಿಂತಿದ್ದನಂತೆ. 'ಸರ್ಟಿಫಿಕೇಟ್ ತಂದೀಯೇನಪ್ಪಾ? ತೋರ್ಸು, ಬಿಇಒ ಸಹಿ ಎಲ್ಲೈತೆ?' ಎಂದು ಅವಳು ಕೇಳುವುದು ಫೋನಿನಲ್ಲಿ ಕೇಳಿಸಿತು.