ವೀಣೆ ರೆಕಾರ್ಡಿಂಗ್‌ಗೆ ಸದ್ದಿಲ್ಲದ ಕಂಪ್ಯೂಟರ್ ಜೋಡಿಸಿದ್ದು

ಅಕ್ಕ ವೀಣೆ ನುಡಿಸುತ್ತಾಳೆ. ಅದನ್ನು ಮನೆಯಲ್ಲೇ ಚೆನ್ನಾಗಿ ರೆಕಾರ್ಡ್ ಮಾಡಬೇಕು ಅಂತ ಬಹಳ ದಿನದ ಆಸೆ. ಮೈಕು, ಮೈಕಿನ ಸದ್ದನ್ನು ಕಂಪ್ಯೂಟರ್‌ಗೆ ಕಳಿಸುವ ಆಡಿಯೋ ಇಂಟರ್‌ಫೇಸ್ ಎರಡೂ ಇದ್ದವು. ಹಳೆಯ ಲ್ಯಾಪ್‌ಟಾಪ್ ಮಾತ್ರ ಸಾಲುತ್ತಿರಲಿಲ್ಲ. ಸ್ವಲ್ಪ ಕೆಲಸ ಕೊಟ್ಟರೆ ಅದರ ಫ್ಯಾನ್ ಜೋರಾಗಿ ತಿರುಗಿ ಆ ಸದ್ದೂ ಮೈಕಿಗೆ ಸೇರುತ್ತಿತ್ತು. ವೀಣೆಗೆ ಇದು ದೊಡ್ಡ ತೊಂದರೆ. ಒಂದು ಮೀಟು ಹಾಕಿ ತಂತಿ ಎಳೆದು ಗಮಕ ತೆಗೆದಾಗ ನಾದ ಸಣ್ಣಗಾಗುತ್ತಾ ಎಷ್ಟೋ ಹೊತ್ತು ಉಳಿಯುತ್ತದೆ, ಕೇಳುವ ಸುಖ ಇರುವುದೇ ಆ ಕೊನೆಯಲ್ಲಿ, ಫ್ಯಾನಿನ ಸದ್ದು ಬಂದು ಕೂರುವುದೂ ಸರಿಯಾಗಿ ಅಲ್ಲೇ.

ಒಂದು ಶನಿವಾರ ಇಬ್ಬರೂ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆವು. ಅಂಗಡಿಯವರು ಮೊದಲು ಕೇಳಿದ್ದು, ‘ಯಾವ ಗೇಮ್ ಆಡ್ತೀರಾ ಸರ್?’ ಅಂತ. ಗೇಮ್ ಇಲ್ಲ, ರೆಕಾರ್ಡಿಂಗ್ ಅಂದೆ. ಆದರೂ ಇಂಟೆಲ್ ಐ5 12400ಎಫ್ ಜೊತೆ ಒಂದು ಗ್ರಾಫಿಕ್ಸ್ ಕಾರ್ಡ್ ಸೇರಿಸಿ ಲೆಕ್ಕ ಬರೆದರು. ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್‌ನಲ್ಲಿ ಒಳಗೇ ಗ್ರಾಫಿಕ್ಸ್, ಅಂದರೆ ತೆರೆಗೆ ಚಿತ್ರ ಕಳಿಸುವ ಭಾಗ, ಇರುವುದಿಲ್ಲ, ಹಾಗಾಗಿ ಕಾರ್ಡ್ ಹಾಕಲೇಬೇಕು. ಕಾರ್ಡ್ ಬಂದರೆ ಅದರ ಫ್ಯಾನೂ ಬಂತು, ಬಿಸಿಯೂ ಬಂತು. ನಾನು ‘ಎಫ್’ ಇಲ್ಲದ 12400 ಕೇಳಿದೆ. 6 ಕೋರ್, ಒಳಗೇ ಗ್ರಾಫಿಕ್ಸ್. ತೆರೆಯ ಮೇಲೆ ಸದ್ದಿನ ಅಲೆಗಳ ಗೆರೆ ನೋಡಿಕೊಂಡು ಎಡಿಟ್ ಮಾಡಲು ಅಷ್ಟು ಧಾರಾಳ ಸಾಕು.

ಡಿಸ್ಕಿನ ವಿಷಯದಲ್ಲೂ ದುಬಾರಿಯದ್ದನ್ನೇ ತೋರಿಸಿದರು. ಆದರೆ ಲೆಕ್ಕ ಹಾಕಿ ನೋಡಿ. 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಅಳತೆ), 24 ಬಿಟ್‌ನಲ್ಲಿ (ಒಂದು ಅಳತೆಗೆ 3 ಬೈಟ್) ಒಂದು ಮೈಕಿನ ಟ್ರ್ಯಾಕ್ ಸೆಕೆಂಡಿಗೆ 1,44,000 ಬೈಟ್ ಮಾತ್ರ. ಎರಡು ಮೈಕಿಟ್ಟು ಒಂದು ಗಂಟೆ ನುಡಿಸಿದರೂ ಒಂದು ಜಿಬಿಯ ಆಸುಪಾಸು. ಇದಕ್ಕೆ ಅತಿ ವೇಗದ ಡಿಸ್ಕ್ ಯಾಕೆ? ಮಧ್ಯಮ ದರ್ಜೆಯ 1 ಟಿಬಿ ಎಸ್‌ಎಸ್‌ಡಿ ತಗೊಂಡೆ, ಅದು ತಿರುಗುವುದಿಲ್ಲ, ಸದ್ದೂ ಇಲ್ಲ. ರ‍್ಯಾಮ್ 16 ಜಿಬಿ.

ಜಾಸ್ತಿ ಹೊತ್ತು ಹೋಗಿದ್ದು ಯಾರೂ ಗಮನ ಕೊಡದ ಸಾಮಾನುಗಳಿಗೆ. ಪ್ರೊಸೆಸರ್ ಜೊತೆ ಡಬ್ಬಿಯಲ್ಲಿ ಬರುವ ಚಿಕ್ಕ ಫ್ಯಾನ್ ಬೇಡ ಅಂತ 120 ಮಿಲಿಮೀಟರ್ ಫ್ಯಾನಿನ ಎತ್ತರದ ಕೂಲರ್ ಆರಿಸಿದೆ. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿದರೂ ಬೇಕಾದಷ್ಟು ಗಾಳಿ ತಳ್ಳುತ್ತದೆ. ಪವರ್ ಸಪ್ಲೈ ಕೂಡ ಲೋಡ್ ಕಡಿಮೆ ಇದ್ದಾಗ ಫ್ಯಾನ್ ಪೂರ್ತಿ ನಿಲ್ಲಿಸುವಂಥದ್ದು ಬೇಕು ಅಂತ ಹಟ ಹಿಡಿದೆ. ಅದು ಸಿಗಲು ಮೂರ್ನಾಲ್ಕು ಅಂಗಡಿ ಸುತ್ತಬೇಕಾಯಿತು. ಬಣ್ಣದ ದೀಪ, ಗಾಜಿನ ಬಾಗಿಲಿನ ಕೇಸ್‌ಗಳು ಸಾಲಾಗಿ ನಿಂತಿದ್ದವು. ಅಕ್ಕ ಮೂಲೆಯಲ್ಲಿದ್ದ ಸಾದಾ ಕಪ್ಪು ಪೆಟ್ಟಿಗೆಯನ್ನು ಬೆರಳಿಂದ ತಟ್ಟಿ ನೋಡಿ, ‘ಇದು ದಪ್ಪ ತಗಡು, ಅದುರಲ್ಲ ಕಣೋ’ ಅಂದಳು. ಅದನ್ನೇ ತಗೊಂಡೆವು. ಇಂಥ ವಿಷಯದಲ್ಲಿ ಅವಳ ಕಿವಿಯನ್ನು ನಾನು ಪೂರ್ತಿ ನಂಬುತ್ತೇನೆ.

ಪ್ರೊಸೆಸರ್ ಎಷ್ಟು ವೇಗ ಅನ್ನುವುದಕ್ಕಿಂತ ಅದು ಹೇಳಿದ ಹೊತ್ತಿಗೆ ಕೆಲಸ ಮುಗಿಸುತ್ತದಾ ಅನ್ನುವುದು ಇಲ್ಲಿ ಮುಖ್ಯ. ಅಕ್ಕನಿಗೆ ಹೆಡ್‌ಫೋನ್‌ನಲ್ಲಿ ತನ್ನ ವೀಣೆಯ ಮೇಲೆ ಸ್ವಲ್ಪ ರಿವರ್ಬ್ (ದೊಡ್ಡ ಸಭಾಂಗಣದಲ್ಲಿ ನುಡಿಸಿದಂಥ ಗುಂಗು) ಬೇಕು, ಅದು ಕಂಪ್ಯೂಟರ್ ಒಳಗೆ ಹೋಗಿಯೇ ಬರಬೇಕು. ಕಂಪ್ಯೂಟರ್ ಸದ್ದನ್ನು ತುಂಡು ತುಂಡಾಗಿ ತಗೊಳ್ಳುತ್ತದೆ, ಒಂದು ತುಂಡಿನ ಅಳತೆಯೇ ಬಫರ್. ಅದನ್ನು 128 ಸ್ಯಾಂಪಲ್ ಇಟ್ಟರೆ 48 ಕಿಲೋಹರ್ಟ್ಸ್‌ನಲ್ಲಿ ಒಂದು ತುಂಡಿಗೆ ಸಿಗುವುದು ಸುಮಾರು 2.7 ಮಿಲಿಸೆಕೆಂಡ್. ಅಷ್ಟರೊಳಗೆ ಮುಗಿಯದಿದ್ದರೆ ಪಟ್ ಅಂತ ಸದ್ದು. ಬಫರ್ ಹೆಚ್ಚಿಸಿದರೆ ಸದ್ದು ಹೋಗುತ್ತದೆ, ಆದರೆ ಮೀಟಿದ ಮೇಲೆ ನಾದ ತಡವಾಗಿ ಕೇಳಿ ತಾಳ ಜಾರುತ್ತದೆ.

ಮನೆಗೆ ಬಂದು ಜೋಡಿಸಿ, ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಫ್ಯಾನ್ ವೇಗ ತಗ್ಗಿಸಿ, ಸದ್ದು ತಡವಾಗದಂತೆ ಇಂಟರ್‌ಫೇಸ್ ಕಂಪನಿಯದ್ದೇ ಆಸಿಯೋ ಡ್ರೈವರ್ ಹಾಕಿ, ನಡುವೆ ಅಡ್ಡ ಬರದಿರಲಿ ಅಂತ ವೈಫೈ ಆಫ್ ಮಾಡಿ ನುಡಿಸಿ ನೋಡಿದೆವು. 128ರಲ್ಲಿ ಒಂದೂ ಪಟ್ ಇಲ್ಲ. ಅಕ್ಕ ಮಂದ್ರದಲ್ಲಿ ಒಂದು ಮೀಟು ಹಾಕಿ ಸುಮ್ನೆ ಕೂತಳು, ಆಮೇಲೆ ಅದನ್ನೇ ವಾಲ್ಯೂಮ್ ಏರಿಸಿ ಕೇಳಿದೆವು, ನಾದ ಆರುವವರೆಗೂ ಫ್ಯಾನ್ ಸುಳಿವಿಲ್ಲ. ಬೀದಿಯ ಆಟೋ ಸದ್ದು ಮಾತ್ರ ಈಗ ಚೆನ್ನಾಗಿ ಕೇಳುತ್ತಿದೆ. ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಬೇಕಿದ್ದ ದುಡ್ಡಲ್ಲಿ ಕಿಟಕಿಗೆ ದಪ್ಪ ಪರದೆ ಹೊಲಿಸಲು ಕೊಟ್ಟಿದ್ದೇವೆ.